ಒಬ್ಬ ಸ್ಥಳೀಯ ಅಂಬಿಗ

ಎಡದಂಡೆ
ಗುರುವಾರ, ಬೆಳಗಿನ ಕಾಫಿ ಆದಮೇಲೆ

ಪುಟ್ಟಿ,

ಅಕ್ಕನ ಆಶೀರ್ವಾದ ಯಾವಾಗಲೂ ಇದ್ದೇ ಇದೆ. ಈ ಸಲ ಮಾತ್ರ ಹಲ್ಲು ಕಚ್ಚಿಕೊಂಡು ಮಾಡುತ್ತಿದ್ದೇನೆ.

ಬಂದರಿನ ಅರವತ್ತರ ಸ್ಮರಣ ಸಂಚಿಕೆಗೆಂದು ನೀನು ಬರೆದ ಚರಿತ್ರೆ ನಿನ್ನೆ ದೋಣಿಯಲ್ಲಿ ಬಂತು. ಜೊತೆಗೆ ಕಾಗುಣಿತ ಮಾತ್ರ ನೋಡು, ಬೇರೇನೂ ಮುಟ್ಟಬೇಡ ಎಂದು ಒಂದು ಚೀಟಿ. ಜೀವನವೆಲ್ಲ ಮಕ್ಕಳಿಗೆ ಪಾಠ ಹೇಳಿ ನಿವೃತ್ತಳಾದ ಟೀಚರಮ್ಮನ ಕಾಗುಣಿತವನ್ನು ಹಗ್ಗ, ಟಾರ್ಪಾಲು ಮಾರುವವಳು ತಿದ್ದಬೇಕಂತೆ. ಆಗಲಿ ಎಂದು ಗಿರಾಕಿಗಳನ್ನೆಲ್ಲ ಕಾಯಿಸಿ, ಕನ್ನಡಕ ಏರಿಸಿಕೊಂಡು ಕುಳಿತೆ. ಮೊದಲ ಪುಟದಲ್ಲೇ ತಲೆ ಚಿಟ್ಟು ಹಿಡಿಯಿತು. ಬಂದರು "ಮಹನೀಯರ ಕನಸಿನ ಕೂಸು" ಅಂತೆ. ಯಾವ ಮಹನೀಯರು ಮಾರಾಯ್ತಿ? ಆ ಕೂಸು ಹುಟ್ಟಿದಾಗ ನಾವಿಬ್ಬರೂ ಅಲ್ಲೇ ಇದ್ದೆವು. ಎರಡು ಮರದ ದಿಮ್ಮಿ, ಒಂದು ಹಲಗೆ, ಅದರ ಮೇಲೆ ಇಟ್ಟಿಗೆ ಹೊತ್ತ ಹೆಂಗಸರು. ಕನಸು ಕಾಣಲು ಅಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ.

ಆ ಹಳೆಯ ಕ್ರೇನಿನ ವಿಷಯ ಬರೆದಿದ್ದೀಯ, ಸಂತೋಷ. ಆದರೆ "ಅತ್ಯಾಧುನಿಕ ಯಂತ್ರ" ಎಂದಿದ್ದೀಯಲ್ಲ, ಅದು ಬಂದ ದಿನವೇ ಹಳತಾಗಿತ್ತು. ಹಮಾಲರು ಅದನ್ನು ಅತ್ತೆಮ್ಮ ಎಂದು ಕರೆಯುತ್ತಿದ್ದದ್ದು ಮರೆತುಹೋಯಿತೇ? ಒಂದು ಮೂಟೆ ಎತ್ತಬೇಕಾದರೆ ಊರಿಗೆಲ್ಲ ಕೇಳುವಂತೆ ಗೊಣಗುತ್ತಿತ್ತು, ಎತ್ತಿದ ಮೇಲೂ ಗೊಣಗುತ್ತಿತ್ತು. ನಿನ್ನ ಯಜಮಾನರು ಬಂದರಿನ ಮುಖ್ಯಸ್ಥರಾಗಿದ್ದವರು, ಅವರಿಗೆ ಅತ್ತೆಮ್ಮ ಎಂದರೆ ಮುಜುಗರವಿರಬಹುದು. ಇರಲಿ ಬಿಡು, ಅದನ್ನು ಹಾಗೇ ನುಂಗಿಕೊಂಡೆ.

ಮೂರನೆಯ ಪುಟಕ್ಕೆ ಬಂದೆ ನೋಡು, ಮೈಯೆಲ್ಲ ಉರಿದುಹೋಯಿತು. ನೀನು ಬರೆದದ್ದನ್ನೇ ಇಲ್ಲಿ ಇಳಿಸುತ್ತೇನೆ, ಓದಿಕೊ: "ಒಬ್ಬ ಸ್ಥಳೀಯ ಅಂಬಿಗ ನೀಡಿದ ತಪ್ಪು ಮಾಹಿತಿಯಿಂದಾಗಿ ಬಂದರು ಆಳವಿಲ್ಲದ ಬಲದಂಡೆಯಲ್ಲಿ ನಿರ್ಮಾಣವಾಯಿತು. ಆದರೂ ತಜ್ಞರು ಎದೆಗುಂದಲಿಲ್ಲ."

ಒಬ್ಬ ಸ್ಥಳೀಯ ಅಂಬಿಗ! ನದಿ ಉಕ್ಕಿದಾಗಲೆಲ್ಲ ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಶಾಲೆಯ ಬಾಗಿಲಿಗೆ ಇಳಿಸಿ ಬರುತ್ತಿದ್ದನಲ್ಲ, ಆ ಸ್ಥಳೀಯ ಅಂಬಿಗನೇ? ನಿನ್ನ ಮೊದಲ ಚಪ್ಪಲಿಯ ಬಾರು ಹರಿದಾಗ ದೋಣಿಯ ಹಗ್ಗ ಬಿಚ್ಚಿ ನೂಲು ತೆಗೆದು ಹೊಲಿದುಕೊಟ್ಟವನೇ?

ನೀನೇನು ಹೇಳುತ್ತೀಯೋ ಗೊತ್ತು. ಚೀಟಿಯ ಹಿಂದುಗಡೆ ಬರೆದೂ ಇದ್ದೀಯ. ಅಳತೆಗೆ ಬಂದಿದ್ದ ಸಾಹೇಬರ ವರದಿಯಲ್ಲಿ ಹಾಗೇ ಇದೆ, ಹೆಸರು ಹಾಕಿಲ್ಲವಲ್ಲ ಅದೇ ದೊಡ್ಡದು, ಚರಿತ್ರೆಯಲ್ಲಿ ಅಪ್ಪ ಅಮ್ಮ ಅಂತ ಇರುವುದಿಲ್ಲ ಎಂದು. ಹೌದಮ್ಮ, ಇರುವುದಿಲ್ಲ. ಚರಿತ್ರೆಯೆಲ್ಲ ಅನಾಥರೇ ಮಾಡಿದ್ದು.

ಕೋಪ ಬಂದಾಗ ನನ್ನ ಅಕ್ಷರ ದಪ್ಪವಾಗುತ್ತದೆ, ಸಹಿಸಿಕೊ. ಹೊಳೆಯವರ ಲೆಕ್ಕ ನಿನಗೂ ಗೊತ್ತು. ನೀರು ಹರಿದು ಹೋಗುವ ಕಡೆ ಮುಖ ಮಾಡಿ ನಿಂತರೆ ಎಡಗೈ ಕಡೆಯದು ಎಡದಂಡೆ, ಬಲಗೈ ಕಡೆಯದು ಬಲದಂಡೆ. ಯಾವನು ಎಲ್ಲಿ ಹೇಗೆ ತಿರುಗಿ ನಿಂತರೂ ಅದು ಬದಲಾಗುವುದಿಲ್ಲ. ಅಪ್ಪ ಬಿದಿರಿನ ಗಳು ಹಾಕಿ ಆಳ ನೋಡಿ, ದೋಣಿಯಿಂದಲೇ "ಎಡಕ್ಕೆ ಆಳ ಇದೆ" ಎಂದು ಕೂಗಿ ಹೇಳಿದ. ಸರಿಯಾಗಿಯೇ ಹೇಳಿದ. ನನ್ನ ಅಂಗಡಿಯ ಮೆಟ್ಟಿಲ ಕೆಳಗೆ ಇವತ್ತಿಗೂ ಗಳು ನೆಲ ಮುಟ್ಟುವುದಿಲ್ಲ. ಆ ಸಾಹೇಬರು ನಡುಹೊಳೆಯ ಮರಳ ದಿಬ್ಬದ ಮೇಲೆ ಕೊಡೆ ನೆಟ್ಟುಕೊಂಡು, ಬಿಸಿಲಿಗೆ ಬೆನ್ನು ಹಾಕಿ, ನೀರು ಬರುವ ಕಡೆಗೆ ಮುಖ ಮಾಡಿ ಕುಳಿತಿದ್ದರು. ಎಡ ಹೋಗಿ ಬಲವಾಯಿತು. ಜಾಗ ಗುರುತಿಸುವ ಕೆಂಪು ಬಟ್ಟೆಯ ಗೂಟಗಳು ಹೋಗಿ ಬಲದಂಡೆಯಲ್ಲಿ ಕುಳಿತವು. ಗೂಬೆ ಮಾತ್ರ ಅಪ್ಪನ ತಲೆಯ ಮೇಲೆ ಕುಳಿತಿತು.

ಹಡಗು ನಿಲ್ಲುವ ಧಕ್ಕೆಗೆ ಮೊದಲ ಕಲ್ಲು ಬಿದ್ದ ದಿನವೇ ಅವನ ಮಾನಕ್ಕೂ ಧಕ್ಕೆ ಬಿತ್ತು. ಸರಕಿನ ಹಡಗುಗಳಿಗೆ ಮುಂದೆ ನಿಂತು ದಾರಿ ತೋರಿಸುವ ಕೆಲಸ ಅವನಿಗೇ ಎಂದು ಮಾತಾಗಿತ್ತು. ನೀಲಿ ಅಂಗಿಯ ಅಳತೆಯನ್ನೂ ಕೊಟ್ಟು ಬಂದಿದ್ದ. ಬಂದರು ತಪ್ಪು ದಂಡೆಗೆ ಹೋದದ್ದು ಹೇಗೆಂದು ನಡೆದ ವಿಚಾರಣೆ ಮುಗಿದ ಮೇಲೆ ಅಂಗಿಯೂ ಇಲ್ಲ, ಕೆಲಸವೂ ಇಲ್ಲ. ಸಾಯುವವರೆಗೂ ಅದೇ ಹಳೆಯ ದೋಣಿಯಲ್ಲಿ ಜನರನ್ನು ಈ ದಡದಿಂದ ಆ ದಡಕ್ಕೆ ಸಾಗಿಸಿದ. ಊರು ಅವನಿಗೆ ಎಡಬಲ ಎಂದು ಹೆಸರಿಟ್ಟಿತು. ನಿನ್ನನ್ನು ಶಾಲೆಯಲ್ಲಿ ಎಡಬಲನ ಮಗಳು ಎಂದು ರೇಗಿಸಿದ್ದು, ನೀನು ಅಳುತ್ತಾ ಬಂದದ್ದು, ಆಮೇಲೆ ದೋಣಿ ದಡಕ್ಕೆ ಬರುವ ಮೊದಲೇ ಇಳಿದು ಅಪ್ಪನಿಂದ ದೂರ ನಡೆಯುತ್ತಿದ್ದದ್ದು ಎಲ್ಲ ನನಗೆ ನೆನಪಿದೆ. ಅವನಿಗೂ ಗೊತ್ತಾಗುತ್ತಿತ್ತು.

ಇನ್ನು ಆ ತಪ್ಪಿನಿಂದ ಬಂದರಿಗೆ ಏನಾಯಿತು? ನೀನೇ ಬರೆದಿದ್ದೀಯ, ಬರೆದದ್ದನ್ನು ನೀನೇ ಓದಿಲ್ಲ. ಬಲದಂಡೆಯಲ್ಲಿ ಆಳವಿಲ್ಲ, ಹೂಳು ತುಂಬುತ್ತದೆ. ಹೂಳು ಎತ್ತಲೇಬೇಕಾಯಿತು. ಎತ್ತಿದ ಹೂಳನ್ನು ಎಲ್ಲಿ ಹಾಕುವುದು? ಹಿಂದಿನ ಜೌಗಿಗೆ ಸುರಿದರು. ಸುರಿದು ಸುರಿದು ಕಪ್ಪೆ ಕೂಗುತ್ತಿದ್ದ ಜಾಗ ಗಟ್ಟಿ ನೆಲವಾಯಿತು. ಅದರ ಮೇಲೆ ಗೋದಾಮುಗಳು ಎದ್ದವು, ರೈಲು ಬಂತು, ಲಾರಿಗಳು ಬಂದವು, ಈಗ ಆಕಾಶದಷ್ಟೆತ್ತರ ಕಬ್ಬಿಣದ ಪೆಟ್ಟಿಗೆಗಳನ್ನು ಪೇರಿಸಿದ್ದಾರೆ. ನನ್ನ ಎಡದಂಡೆ ನೋಡು. ನೀರೇನೋ ಆಳ, ಹಿಂದೆ ಎದ್ದು ನಿಂತ ಬಂಡೆ. ಒಂದು ಹಗ್ಗದ ಅಂಗಡಿ ಇಡಲು ನಾನೇ ಪಡಬಾರದ ಪಾಡು ಪಟ್ಟೆ. ಇಲ್ಲಿ ಬಂದರು ಕಟ್ಟಿದ್ದರೆ ಎರಡು ದೋಣಿ ಕಟ್ಟುವಷ್ಟರಲ್ಲಿ ಜಾಗ ಮುಗಿದಿರುತ್ತಿತ್ತು. ಹಾಗಿದ್ದ ಮೇಲೆ ಅದು ತಪ್ಪು ಎಂದು ಯಾವ ಬಾಯಲ್ಲಿ ಹೇಳುತ್ತೀಯ?

ನಿನ್ನ ತಜ್ಞರನ್ನು ಎಷ್ಟು ಬೇಕಾದರೂ ಹೊಗಳಿಕೊ, ಅಡ್ಡಿಯಿಲ್ಲ. ಅತ್ತೆಮ್ಮನನ್ನು ರಾಣಿಯಮ್ಮ ಎಂದು ಬೇಕಾದರೂ ಬರಿ. ಆ ಒಂದು ಸಾಲು ಮಾತ್ರ ತೆಗೆ. ಅಪ್ಪನ ಹೆಸರು ಹಾಕು ಎಂದು ನಾನು ಕೇಳುತ್ತಿಲ್ಲ. ಅವನನ್ನು ತಪ್ಪಿಗೆ ಮಾತ್ರ ನೆನೆಯಬೇಡ ಎನ್ನುತ್ತಿದ್ದೇನೆ. ಅಚ್ಚಾದ ಮಾತು ಅಳಿಸಲು ಬರುವುದಿಲ್ಲ. ನಾಳೆ ನಿನ್ನ ಮೊಮ್ಮಕ್ಕಳು ಓದುತ್ತಾರೆ.

ಸಮಾರಂಭದಲ್ಲಿ ಮುಂದಿನ ಸಾಲಿನ ಕುರ್ಚಿ ಕಾದಿರಿಸಿದ್ದೀಯಂತೆ. ಚರಿತ್ರೆಯ ಆ ಸಾಲು ಹೋದರೆ ಬರುತ್ತೇನೆ, ಒಳ್ಳೆಯ ಸೀರೆಯನ್ನೇ ಉಟ್ಟು ಬರುತ್ತೇನೆ. ಇದ್ದರೆ ಆ ಕುರ್ಚಿಯ ಮೇಲೆ ನಿನ್ನ ತಜ್ಞರನ್ನು ಕೂರಿಸು.

ಕಾಗುಣಿತ ಎಲ್ಲ ಸರಿಯಾಗಿದೆ.

ನಿನ್ನ ಮೇಲೆ ಸಿಟ್ಟಾಗಿರುವ,
ಆದರೂ ನಿನ್ನವಳೇ ಆದ
ಅಕ್ಕ

ಮರೆತ ಮಾತು: ಮರೆತದ್ದೇನಲ್ಲ, ಹೇಳಬಾರದೆಂದು ಇದ್ದೆ. ಕಾಗದ ಮಡಿಸುವ ಹೊತ್ತಿಗೆ ದೋಣಿಯವನು ನಿನ್ನ ಇನ್ನೊಂದು ಚೀಟಿ ತಂದುಕೊಟ್ಟ. ಅಚ್ಚಿನವರು ಇವತ್ತು ಸಂಜೆಯೇ ಬರುತ್ತಾರೆ, ಸಾಹೇಬರ ವರದಿ ಸುಳ್ಳೆನ್ನಲು ಆಧಾರವಿಲ್ಲದಿದ್ದರೆ ಸಾಲು ಇರಲೇಬೇಕಾಗುತ್ತದೆ ಎಂದು ಬರೆದಿದ್ದೀಯ. ಆಧಾರ ನಾನೇ, ಪುಟ್ಟಿ. ಅವತ್ತು ದಿಬ್ಬದ ಪಕ್ಕದಲ್ಲೇ ನಿಂತಿದ್ದೆ.

ಮೇಲೆ ಸಾಹೇಬರ ಬಗ್ಗೆ ಬರೆದದ್ದು ಪೂರ್ತಿ ನಿಜವಲ್ಲ. ಪಾಪ, ಅವರಿಗೆ ಅನುಮಾನ ಬಂದಿತ್ತು. ಅಪ್ಪ ಅಷ್ಟರಲ್ಲಿ ದೋಣಿ ಮುಂದಕ್ಕೆ ತೆಗೆದುಕೊಂಡು ಹೋಗಿದ್ದ. ಪಕ್ಕದಲ್ಲಿ ಆಡುತ್ತಿದ್ದ ನಿನ್ನನ್ನು ಕೇಳಿದರು, ಎಡ ಯಾವ ಕಡೆ ಮರಿ ಎಂದು. ನಿನಗೆ ಆಗಷ್ಟೇ ಶಾಲೆಯಲ್ಲಿ ಎಡ ಬಲ ಹೇಳಿಕೊಟ್ಟಿದ್ದರು. ಥಟ್ಟನೆ ಎಡಗೈ ಎತ್ತಿ ತೋರಿಸಿದೆ. ಸರಿಯಾದ ಕೈಯನ್ನೇ ಎತ್ತಿದೆ. ನಿಂತದ್ದು ಮಾತ್ರ ನೀರು ಬರುವ ಕಡೆಗೆ ತಿರುಗಿ. ನನ್ನ ಬಾಯಿಂದ ಮಾತು ಹೊರಡುವ ಮೊದಲು ಅವರು ನಿನಗೊಂದು ಪೆಪ್ಪರ್‌ಮಿಂಟು ಕೊಟ್ಟು ಎದ್ದು ಹೋಗಿದ್ದರು.

ವಿಚಾರಣೆಯಲ್ಲಿ ಸಾಹೇಬರು ಅಂಬಿಗನ ಮಗು ತೋರಿಸಿದ್ದು ಎಂದೇ ಹೇಳಿದರು. ಅಪ್ಪ ಎದ್ದು ನಿಂತು, ಇಲ್ಲ ಸ್ವಾಮಿ, ತಪ್ಪು ಹೇಳಿದ್ದು ನಾನೇ ಎಂದ. ವರದಿಗೆ ಹೋದದ್ದು ಆ ಮಾತು. ಮನೆಗೆ ಬರುವಾಗ ದಾರಿಯಲ್ಲಿ ನನ್ನ ಕೈ ಹಿಡಿದು ಹೇಳಿದ: "ಅವಳಿಗೆ ಯಾವತ್ತೂ ಹೇಳ್ಬೇಡ. ಹೇಳಿದ್ರೆ ಆಮೇಲೆ ಯಾರೇನ್ ಕೇಳಿದ್ರೂ ಕೈ ಎತ್ತೋಕೆ ಹೆದರ್ತಾಳೆ."

ನೀನು ತರಗತಿಯಲ್ಲಿ ಎಲ್ಲದಕ್ಕೂ ಕೈ ಎತ್ತಿದೆ. ಟೀಚರೂ ಆದೆ. ಈಗ ಪೆನ್ನು ತಗೊಂಡು ಆ ಸಾಲು ಹೊಡೆದುಹಾಕು.