ಕೆಂಪು ನೂಲಿನ ಮೂರು ಸುತ್ತು

ವಡಾಲ, ಮುಂಬಯಿ
ಮೇ 19, ಭಾನುವಾರ

ಪ್ರೀತಿಯ ಸುಹಾಸಣ್ಣ,

ಪ್ರೀತಿಯ ಎಂದು ಅಭ್ಯಾಸಬಲದಿಂದ ಬರೆದೆ, ಇವತ್ತು ಅದಕ್ಕೆ ಹೆಚ್ಚು ಅರ್ಥ ಹಚ್ಚಬೇಡ. ಆರೋಗ್ಯವೇ? ಹಿಮಾಚಲದ ಹೊಳೆಯಲ್ಲಿ ಸೊಂಟದವರೆಗೆ ನಿಂತು ಅತಿಥಿಗಳಿಗೆ ಮೀನು ಹಿಡಿಸುವವನಿಗೆ ಶೀತವಾಗಿರಬಹುದು, ಕಷಾಯ ಕುಡಿ. ನಾನು ಚೆನ್ನಾಗಿದ್ದೇನೆ. ಅಮ್ಮ ಚೆನ್ನಾಗಿಲ್ಲ, ಅದಕ್ಕೆ ಕಾರಣ ನೀನು.

ಕಳೆದ ತಿಂಗಳು ಕ್ಯಾಂಪಿನಿಂದ ಬರೆದದ್ದು ನೆನಪಿದೆಯೇ? ನೀರು ತಿಳಿಯಾಗಿದೆ, ಟ್ರೌಟ್ ಮೀನು ಬಲು ಜಾಣ, ಗಾಳಕ್ಕೆ ಕಟ್ಟುವ ನಕಲಿ ನೊಣಗಳು ಸಣ್ಣವಿರಲಿ, ಬೂದು ಬಣ್ಣದವಿರಲಿ ಎಂದೆ. ನಾನು ಓದಿ ಹೇಳಿದ್ದಕ್ಕೆ ಅಮ್ಮ ನಕ್ಕಳು. "ಇದು ಅಲ್ಲಿಗೆ ಮುಟ್ಟುವಾಗ ಮೇ ಆಗ್ತದೆ ಮಾರಾಯ್ತಿ, ಹಿಮ ಕರಗಿ ನೀರು ಕದಡ್ತದೆ. ಹೋದ ವರ್ಷ ಅವನೇ ಹೇಳಿದ್ದಲ್ವಾ? ಕೆಸರು ನೀರಲ್ಲಿ ಬೂದು ನೊಣ ಮೀನಿಗೆ ಕಾಣ್ತದಾ?" ಎಂದವಳೇ ನೀನು ಕೇಳಿದ ಇಪ್ಪತ್ತರ ಜೊತೆ ಕೋಳಿ ಕುತ್ತಿಗೆಯ ಗರಿ ಹಾಕಿ ನಲವತ್ತು ಕಪ್ಪು, ದಪ್ಪ ನೊಣ ಕಟ್ಟಿದಳು. ಎಡಗಣ್ಣಿನ ಪೊರೆ ತೆಗೆಸುವ ದಿನವನ್ನೂ ಮುಂದೆ ಹಾಕಿದಳು. ಪಾರ್ಸೆಲ್ ಮುಟ್ಟಿದಾಗ ನೀನು ಏನೆಂದೆ? "ನಿಂಗೆ ಹೊಳೆ ಗೊತ್ತಿಲ್ಲಮ್ಮ, ಹೇಳಿದಷ್ಟು ಮಾಡು."

ನಿನ್ನೆ ಪಕ್ಕದ ಮನೆಯ ಚಂಪಾ ಮೊಬೈಲ್ ಹಿಡಿದು ಓಡಿಬಂದಳು. ನಿನ್ನ ಅತಿಥಿಯೊಬ್ಬರು ಹಾಕಿದ ವಿಡಿಯೋ. ಚಹಾ ಬಣ್ಣದ ನೀರು, ನಿನ್ನ ಕೈಯಲ್ಲಿ ಮೊಳದುದ್ದದ ಮೀನು, ಅದರ ತುಟಿಯಲ್ಲಿ ಕಪ್ಪು ನೊಣ. ನೊಣದ ಕುತ್ತಿಗೆಗೆ ಕೆಂಪು ನೂಲಿನ ಮೂರು ಸುತ್ತು. ಊರಿನ ಐತಜ್ಜ ಕೋಳಿಅಂಕಕ್ಕೆ ಹುಂಜದ ಕಾಲಿಗೆ ಬಾಳುಕತ್ತಿ ಕಟ್ಟುವಾಗ ಹಾಕುತ್ತಿದ್ದ ಗಂಟು ಅದು, ನೆನೆದಷ್ಟೂ ಬಿಗಿಯುತ್ತದೆ. ಅಮ್ಮ ನೊಣ ಕಟ್ಟಲು ಹೋಗುವ ಧಾರಾವಿಯ ವರ್ಕ್‌ಶಾಪಿನಲ್ಲಿ ಅದು ಬರುವುದು ಅವಳೊಬ್ಬಳಿಗೇ. "ನಂದು, ನಂದು" ಎಂದು ಅವಳು ಚಂಪಾಳ ತೋಳು ಹಿಡಿದಳು. ಆಗ ನೀನು ಬಾಯಿ ತೆರೆದೆ. "ಇಂಪೋರ್ಟೆಡ್ ಹೈ ಸರ್, ಸ್ಕಾಟ್‌ಲ್ಯಾಂಡ್ ಕಾ. ಮೈನೇ ಖುದ್ ಚುನಾ."

ನಿನಗೆ ನಾಚಿಕೆ ಆಗಲಿಲ್ಲವೇ ಅಣ್ಣ? ಆ ಗರಿ, ನೂಲಿನ ನಡುವೆಯೇ ನಾವಿಬ್ಬರೂ ಬೆಳೆದದ್ದು. ನಿನಗೆ ಕ್ಯಾಂಪಿನ ಕೆಲಸ ಸಿಕ್ಕಿದ್ದೂ ಅವಳು ಕಟ್ಟಿಕೊಟ್ಟ ನೊಣಗಳ ಡಬ್ಬಿ ತೋರಿಸಿಯೇ. ಅಮ್ಮ ಬೈಯಲಿಲ್ಲ. "ಅಲ್ಲಿಯವರು ಹಾಗೆ ಹೇಳಿಸ್ತಾರೆ ಕಾಣ್ತದೆ" ಎಂದು ನಿನ್ನ ಪರವಾಗಿಯೇ ಮಾತಾಡಿ ಊಟ ಬಿಟ್ಟು ಮಲಗಿದಳು. ನನಗೆ ಮೈಯೆಲ್ಲ ಉರಿಯಿತು. ಸ್ಕಾಟ್‌ಲ್ಯಾಂಡಿನದಂತೆ, ನೀನೇ ಆರಿಸಿದ್ದಂತೆ! ಕಟ್ಟಿದವಳು ಸೇವಂತಿ, ನನ್ನ ತಾಯಿ ಎಂದು ಆ ಅತಿಥಿಗೆ ನೀನೇ ಹೇಳುವವರೆಗೆ ಈ ಮನೆಯಿಂದ ಒಂದು ನೊಣವೂ ಬರುವುದಿಲ್ಲ.

ನೀರು ಏರುವಾಗ ನಡುಹೊಳೆಗೆ ಇಳಿಯಬೇಡ. ನಿನಗೆ ಒಳ್ಳೆಯದಾಗಲಿ, ಬುದ್ಧಿಯೂ ಬರಲಿ.

ಸದ್ಯಕ್ಕೆ ನಿನ್ನ ತಂಗಿ,
ನಿಖಿತಾ

ಆಮೇಲೆ ಸೇರಿಸಿದ್ದು: ಕೊರಿಯರಿಗೆ ಹೊರಟವಳನ್ನು ಅಮ್ಮ ತಡೆದು ಪತ್ರ ಓದಿಸಿದಳು. "ಕೊಡು ಇಲ್ಲಿ, ನಾನೇ ಅವನ ಕೈಗೆ ಕೊಡ್ತೇನೆ" ಎಂದಳು. ಬೇಡವೆಂದರೂ ಕೇಳಲಿಲ್ಲ, ತತ್ಕಾಲ್ ಟಿಕೆಟ್ ಆಗಿದೆ, ನಾಳೆ ಹೊರಡುತ್ತಾಳೆ. ನೀನು ಇದನ್ನು ಓದುವಾಗ ಅವಳು ನಿನ್ನೆದುರೇ ನಿಂತಿರುತ್ತಾಳೆ. ಈ ಹೆಂಗಸು ಯಾರು ಎಂದು ಅತಿಥಿಗಳು ಕೇಳಿಯೇ ಕೇಳುತ್ತಾರೆ. ನೋಡಿ ಉತ್ತರ ಕೊಡು, ಅವಳಿಗೆ ಹಿಂದಿ ಚೆನ್ನಾಗಿ ಅರ್ಥವಾಗುತ್ತದೆ.