ಹಸಿರು ಕಾಜಾ, ಕಪ್ಪು ಎಲೆ

ಅಪ್ಪಾ,

ನಿಮ್ಮ ಕಣ್ಣಿಗೆ ಏನೂ ಆಗಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಯಾಕೆಂದರೆ ನನ್ನ ಕಾಗದವನ್ನು ನೀವು ಎರಡನೇ ಸಾಲಿನವರೆಗೆ ಓದುತ್ತೀರೋ ಇಲ್ಲವೋ ಗೊತ್ತಿಲ್ಲ. ಬಾಯಲ್ಲೇ ಹೇಳೋಣವೆಂದರೆ, ನಾನು ಶಾಲೆ ಬಿಟ್ಟ ದಿನದಿಂದ ನನ್ನ ದನಿ ಕೇಳಿದ ಕೂಡಲೇ ನೀವು ಹೊಲಿಗೆ ಮಿಷಿನ್ ತುಳಿಯಲು ಶುರು ಮಾಡುತ್ತೀರಿ. ಸೂಜಿಯ ಕೆಳಗೆ ಬಟ್ಟೆ ಇಲ್ಲದಿದ್ದರೂ ತುಳಿಯುತ್ತೀರಿ. ಅದಕ್ಕೇ ಇದನ್ನು ಬ್ಯಾಂಡ್ ಮೇಷ್ಟ್ರ ಕೋಟಿನ ಒಳಜೇಬಿಗೆ ಪಿನ್ನು ಹಾಕಿ ಸಿಕ್ಕಿಸಿದ್ದೇನೆ. ಆ ಕೋಟನ್ನು ನೀವು ದಿನಕ್ಕೆ ಹತ್ತು ಸಲ ಎತ್ತಿ ನೋಡಿ ನಿಟ್ಟುಸಿರು ಬಿಡುತ್ತೀರಂತೆ, ಅಮ್ಮ ಹೇಳಿದಳು.

ಕಿಟಕಿಯೇ ಇಲ್ಲದ ನಮ್ಮ ನೆಲಮಾಳಿಗೆಯ ಅಂಗಡಿಯಲ್ಲಿ ಗಿಡ ಬೆಳೆಸುತ್ತೇನೆ ಎಂದು ನಾನು ಹೇಳಿದಾಗ ನೀವು ಅಮ್ಮನ ಕಡೆ ತಿರುಗಿ, "ಅಷ್ಟೊಂದು ಕಿಟಕಿ ಇದ್ದ ಶಾಲೇಲೇ ಇವಳು ಬೆಳೀಲಿಲ್ಲ, ಇಲ್ಲಿ ಗಿಡ ಬೆಳೆಸ್ತಾಳಂತೆ" ಅಂದಿರಿ. ಮಾತು ಚೆನ್ನಾಗಿತ್ತು. ನನಗೂ ನಗು ಬಂತು, ತೋರಿಸಿಕೊಳ್ಳಲಿಲ್ಲ. ಆದರೂ ಹಿಂದಿನ ಕಪಾಟಿನಲ್ಲಿ ಎರಡು ಹಲಗೆ ಬಿಟ್ಟುಕೊಟ್ಟಿರಿ. ನಾನು ಎಲ್‌ಇಡಿ ದೀಪ ಕಟ್ಟಿದೆ. ಕೆಂಪು, ನೀಲಿ ಬೆರೆತ ಆ ನೇರಳೆ ಬೆಳಕು ನೋಡಿ ಪಕ್ಕದ ಚಪ್ಪಲಿ ಹೊಲಿಯುವ ತಾತ ಇಣುಕಿ, "ಏನಮ್ಮಾ, ಒಳಗೆ ನಾಟಕ ಕಂಪನಿ ಬಂದಿದೆಯಾ?" ಅಂದ. ಮೂರು ಟೊಮೆಟೊ ಗಿಡ, ಒಂದು ಟ್ರೇ ಪಾಲಕ್. ದಿನಕ್ಕೆ ಹದಿನಾಲ್ಕು ಗಂಟೆ ಬೆಳಕು, ಆಮೇಲೆ ಕಟ್ಟುನಿಟ್ಟಾಗಿ ನಿದ್ದೆ. ನನಗಿಂತ ಅವಕ್ಕೇ ಶಿಸ್ತು ಜಾಸ್ತಿ. ಬೇಕರಿ ಕೆಲಸ ಹನ್ನೊಂದು ದಿನ, ಸೈಕಲ್ ರಿಪೇರಿ ಒಂದು ತಿಂಗಳು, ಗಿಟಾರ್ ಒಂದೇ ಒಂದು ಮಧ್ಯಾಹ್ನ ಮಾಡಿ ಬಿಟ್ಟವಳು, ಗಿಡಗಳನ್ನು ಮಾತ್ರ ಮೂರು ತಿಂಗಳಾದರೂ ಬಿಟ್ಟಿರಲಿಲ್ಲ.

ಈಗ ತಪ್ಪಿನ ವಿಷಯ. ಹೋದ ತಿಂಗಳು ನಿಮ್ಮ ಮಿಷಿನ್ ಮೇಲಿನ ಟ್ಯೂಬ್‌ಲೈಟು ಮಿಣಮಿಣ ಅನ್ನತೊಡಗಿತು. "ಬದಲಾಯಿಸೋಕೆ ಹೇಳೇ ನಿನ್ನ ಮಗಳಿಗೆ" ಎಂದು ಅಮ್ಮನ ಮೂಲಕ ಅಪ್ಪಣೆಯಾಯಿತು. ಹೊಸದು ತರಲು ನನಗೆ ಸೋಮಾರಿತನ. ಗಿಡದ ದೀಪವೊಂದು ಮಿಕ್ಕಿತ್ತು. ಅಷ್ಟು ನೇರಳೆಯದಲ್ಲ, ಗುಲಾಬಿ ಬೆರೆತು ಕಣ್ಣಿಗೆ ಬಿಳಿಯಂತೆಯೇ ಕಾಣುವುದು. ಅದನ್ನೇ ಸಿಕ್ಕಿಸಿದೆ. ನೀವು ತಲೆಯೆತ್ತಿ ನೋಡಿ, "ಪರವಾಗಿಲ್ಲ, ಚೆನ್ನಾಗಿದೆ" ಅಂದಿರಿ. ಎರಡು ವರ್ಷದಲ್ಲಿ ನಾನು ಮಾಡಿದ್ದನ್ನು ನೀವು ಮೆಚ್ಚಿದ್ದು ಅದೊಂದೇ ಸಲ. ಮೆಚ್ಚಿದ್ದೂ ತಪ್ಪು ಕೆಲಸವನ್ನೇ.

ಗಿಡಕ್ಕೆಂದು ಮಾಡಿದ ಆ ದೀಪದಲ್ಲಿ ಕೆಂಪು, ನೀಲಿ ಬೆಳಕೇ ಹೆಚ್ಚು, ಹಸಿರು ತೀರಾ ಕಡಿಮೆ. ಅದರಡಿ ಕಡುಹಸಿರು ದಾರ ಹಿಡಿದರೆ ಥೇಟ್ ಕಪ್ಪು ದಾರ. ನೀವು ಬ್ಯಾಂಡ್ ಮೇಷ್ಟ್ರ ಕಪ್ಪು ಕೋಟಿಗೆ ಹಾಕಿದ ಏಳೂ ಗುಂಡಿತೂತಿನ ಕಾಜಾ ಹೊಲಿಗೆ ಹಸಿರಾಗಿದ್ದು ಹೀಗೆ. ಬಿಸಿಲಲ್ಲಿ ನಿಂತು ಬ್ಯಾಂಡ್ ಶುರು ಮಾಡಿದಾಗ ತುತ್ತೂರಿಯವನಿಗೆ ನಗು ತಡೆಯದೆ ಊದಲಾಗಲಿಲ್ಲವಂತೆ, ಡೋಲಿನವನು ತಾಳ ತಪ್ಪಿದನಂತೆ. ಮಂಗಳವಾರ ಮೇಷ್ಟ್ರು ಬಂದು, "ಏನ್ರೀ ಟೈಲರೇ, ನನ್ನ ಕೋಟು ಚಿಗುರಿದೆ! ಕೊಯ್ಲು ಯಾವಾಗ?" ಅಂದರು. ಅವರು ತಮಾಷೆಗೆ ಅಂದರು. ನೀವು ನಗಲಿಲ್ಲ.

ನನಗೆ ಆಗಲೇ ಗೊತ್ತಾಯಿತು. ಒಂದು ಪಾಲಕ್ ಎಲೆ ಕಿತ್ತು ನಿಮ್ಮ ದೀಪದಡಿ ಹಿಡಿದು ನೋಡಿದೆ, ಇದ್ದಿಲಿನ ಹಾಗಿತ್ತು. ಆದರೆ ಹೇಳಲಿಲ್ಲ. ಹೇಳಿದರೆ ಎಲ್ಲ ದೀಪವನ್ನೂ ಕಿತ್ತು ಬೀದಿಗೆ ಎಸೆಯುತ್ತೀರಿ, ಟೊಮೆಟೊ ಆಗಷ್ಟೇ ಹೂ ಬಿಟ್ಟಿದೆ ಎಂದು ಹೆದರಿದೆ. ಯಾರೂ ಕೇಳಲಿಲ್ಲವಲ್ಲ, ಹಾಗಾಗಿ ಇದು ಸುಳ್ಳಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಪರೀಕ್ಷೆಯಲ್ಲಿ 'ಉತ್ತರ ಗೊತ್ತಿಲ್ಲ, ಕ್ಷಮಿಸಿ' ಎಂದು ಬರೆದುಬಂದವಳು ನಾನು. ಉತ್ತರ ಗೊತ್ತಿದ್ದೂ ಸುಮ್ಮನಿದ್ದದ್ದು ಈ ಐದು ದಿನ ಮಾತ್ರ.

ಅಷ್ಟರಲ್ಲಿ ನೀವು ಕಣ್ಣಿನ ಡಾಕ್ಟರ ಹತ್ತಿರ ಹೋಗಿಬಂದಿರಿ. ಬೋರ್ಡಿನ ಕೊನೇ ಸಾಲಿನವರೆಗೂ ಓದಿದಿರಿ. ಕಣ್ಣು ಸರಿಯಿದೆ ಎಂದು ಅವರು ಹೇಳಿದ್ದಕ್ಕೆ, "ಪಾಪ, ಆ ಡಾಕ್ಟರಿಗೇ ಕನ್ನಡಕ ಬದಲಾಯಿಸಬೇಕು" ಎಂದು ಅಮ್ಮನಿಗೆ ಹೇಳಿದಿರಿ. ಆಮೇಲೆ ಮೆಲ್ಲಗೆ, "ನನ್ನ ಕಾಲ ಮುಗೀತು ಕಣೇ, ಮಿಷಿನ್ ಕೊಟ್ಟುಬಿಡೋಣ" ಅಂದಿರಿ. ನಾಳೆ ನಮ್ಮ ಬೀದಿಯ ಇಸ್ತ್ರಿಯವನು ಅದನ್ನು ಕೊಂಡು ಒಯ್ಯಲು ಬರುತ್ತಾನೆ.

ಇವತ್ತು ಬೆಳಿಗ್ಗೆ ಅಮ್ಮ, "ಅಳತೆ ಪುಸ್ತಕಗಳನ್ನ ಕಟ್ಟಿಡು" ಅಂದಳು. ಕಟ್ಟುವಾಗ ಒಂದು ತೆರೆದುಕೊಂಡಿತು. ಬ್ಯಾಂಡ್ ಮೇಷ್ಟ್ರ ಎದೆಯ ಅಳತೆಯ ಎದುರು ಪುಟದಲ್ಲಿ, ನಿಮ್ಮ ಗುಂಡು ಅಕ್ಷರದಲ್ಲಿ, 'ಟೊಮೆಟೊ, ನಡುವಿನದು. ಉದ್ದ ಏಳು ಇಂಚು. ಸೊಂಟ ಸಣ್ಣ.' ಮುಂದಿನ ವಾರ ಹತ್ತು. ಆಮೇಲೆ ಹದಿಮೂರೂವರೆ, 'ಭುಜ ಅಗಲವಾಗುತ್ತಿದೆ.' ಅಪ್ಪಾ, ನಾನಿಲ್ಲದಾಗ ಗಿಡವನ್ನು ಮಿಷಿನ್ ಹತ್ತಿರ ತಂದು, ಕೊರಳಲ್ಲಿದ್ದ ಟೇಪು ತೆಗೆದು ಅಳೆಯುತ್ತಿದ್ದಿರಾ! ನಗುತ್ತ ಪುಟ ತಿರುವಿದೆ. ಕೊನೆಯದು ಹೀಗಿತ್ತು: 'ಎಲೆ ಕಪ್ಪಗೆ ಕಾಣುತ್ತಿದೆ. ಕಾಯಿಲೆ ಗಿಡಕ್ಕೋ, ನನ್ನ ಕಣ್ಣಿಗೋ? ಮಗಳಿಗೆ ಹೇಳಬಾರದು. ಇದನ್ನೂ ಬಿಟ್ಟುಬಿಡುತ್ತಾಳೆ.'

ನಾನು ಗಿಡ ಉಳಿಸಿಕೊಳ್ಳಲು ಬಾಯಿ ಮುಚ್ಚಿಕೊಂಡಿದ್ದೆ. ನೀವೂ ಅದಕ್ಕೇ ಬಾಯಿ ಮುಚ್ಚಿಕೊಂಡಿದ್ದಿರಿ. ನಡುವೆ ಅನ್ಯಾಯವಾಗಿ ನಿಮ್ಮ ಕಣ್ಣಿಗೆ ಕೆಟ್ಟ ಹೆಸರು ಬಂತು.

ಹೊಸ ಟ್ಯೂಬ್‌ಲೈಟು ಹಾಕಿದ್ದೇನೆ. ಮೇಜಿನ ಮೇಲೆ ಎರಡು ದಾರದುಂಡೆ ಇವೆ, ಯಾವುದು ಕಪ್ಪೆಂದು ನೀವೇ ನೋಡಿ. ಆ ಹಸಿರು ಕಾಜಾ ಬಿಚ್ಚಲು ನಾನು ಕೈ ಹಾಕಿಲ್ಲ, ಹಾಕಿದರೆ ಕೋಟೇ ಉಳಿಯುವುದಿಲ್ಲ. ಇಸ್ತ್ರಿಯವನಿಗೆ ಮಿಷಿನ್ ಬದಲು ಒಂದು ಕಟ್ಟು ಪಾಲಕ್ ಕೊಟ್ಟು ಕಳಿಸಿ. ಪುಸ್ತಕದಲ್ಲಿ ಇವತ್ತಿನ ಅಳತೆ ನಾನೇ ಬರೆದಿದ್ದೇನೆ: 'ಉದ್ದ ಹದಿನೆಂಟು ಇಂಚು. ಎಲೆ ಹಸಿರು.' ಗಿಡದ ದೀಪಗಳನ್ನು ಕೀಳು ಅಂದರೆ ಕೀಳುತ್ತೇನೆ, ಆದರೆ ಮೆಟ್ಟಿಲ ಕೆಳಗೆ ಕಟ್ಟುತ್ತೇನೆ. ಇದನ್ನು ಬಿಡುವುದಿಲ್ಲ.

ನಾನು ಹೊರಗೆ ಮೆಟ್ಟಿಲ ಮೇಲೆ ಕೂತಿದ್ದೇನೆ. ಓದಿದ ಮೇಲೆ ಒಳಗೆ ಕರೆಯಬೇಕೆಂದೇನಿಲ್ಲ, ಮಿಷಿನ್ ತುಳಿಯಿರಿ ಸಾಕು. ಬಟ್ಟೆ ಇದ್ದಾಗಿನ ಸದ್ದು ಯಾವುದು, ಇಲ್ಲದಾಗಿನ ಸದ್ದು ಯಾವುದು ಎಂದು ಎರಡು ವರ್ಷದಿಂದ ಕೇಳಿ ಕೇಳಿ ನನಗೆ ಚೆನ್ನಾಗಿ ಗೊತ್ತು.

ಮಕ್ಕಳು ಅಪ್ಪನನ್ನು ಹರಸಬಾರದು ಅಂತಾರೇನೋ. ಆದರೂ, ನಿಮ್ಮ ಕಣ್ಣು ಇನ್ನೂ ನಲವತ್ತು ವರ್ಷ ಒಂದೇ ಸಲಕ್ಕೆ ಸೂಜಿ ಪೋಣಿಸಲಿ.

ಇನ್ನೂ ಬಿಡದೆ ಕೂತಿರುವ
ನಿಮ್ಮ ಮಗಳು