ಮೂರು ತಿಂಗಳು ತುಂಬುವ ಮುಂಚೆ

ಶ್ರೀ ನಂಜುಂಡೇಶ್ವರ ಪ್ರಸನ್ನ

ತಿ. ನರಸೀಪುರ
17-11-2008, ಕಾರ್ತಿಕ ಸೋಮವಾರ

ಮಗಳು ಮಧುಶ್ರೀಗೆ ಅವ್ವನ ಆಶೀರ್ವಾದ.

ನೀನು ನಾಲ್ಕು ಸಲ ಫೋನ್ ಮಾಡಿದೆ, ನಾನು ಎತ್ತಲಿಲ್ಲ. ಬೇಜಾರು ಮಾಡಿಕೊಳ್ಳಬೇಡ. ಎತ್ತಿದ್ದರೆ ಬೈದುಬಿಡುತ್ತಿದ್ದೆ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಲು ಕೈ ಬರಲಿಲ್ಲ, ಅದಕ್ಕೇ ಕಾಗದವೂ ತಡವಾಯಿತು. ನಂಜನಗೂಡಿನ ನಿನ್ನ ರೂಮಿಗೆ ನೀರು ಸರಿಯಾಗಿ ಬರುತ್ತಿದೆಯೇ?

ನಿನ್ನತ್ತಿಗೆ ಸರ್ವಮಂಗಳಾಳಿಗೆ ಮಗು ನಿಲ್ಲಲಿಲ್ಲವೆಂದು ನಿಮ್ಮಣ್ಣ ನಂಜೇಶ ಹೇಳಿದ್ದಾನೆ. ಆಮೇಲೆ ಆದದ್ದು ನಿನಗೆ ಗೊತ್ತಿಲ್ಲ. ಆಸ್ಪತ್ರೆಯಿಂದ ಬಂದ ಐದನೆಯ ದಿನ ಸರ್ವಮಂಗಳಾ ಹಾಲಿನ ಡೇರಿಗೆ ಹೋದಳು. ಸಾಲಿನಲ್ಲಿದ್ದ ಚಲುವಮ್ಮ, "ಏನವ್ವ, ಬಸುರಿಯಂತೆ, ನಮ್ಗೊಂದ್ ಮಾತ್ ಏಳ್ನಿಲ್ವಲ್ಲ! ನಮ್ ಪುಟ್ಟರಾಜು ಕಂಪ್ಯೂಟರ್‌ನಲ್ಲಿ ನೋಡ್ಬುಟ್ಟು ಬಂದ. ಸಿಹಿ ಯಾವಾಗ?" ಎಂದು ನಕ್ಕಳಂತೆ. ಪಾಪ, ಅವಳಿಗೇನು ಗೊತ್ತು. "ಓಯ್ತು ಕಣಕ್ಕ" ಎಂದು ಇವಳು ಅಷ್ಟು ಜನರ ಮುಂದೆ ಹೇಳಿ, ಹಾಲು ತರದೆ ಬಂದಳು. ಹನ್ನೊಂದು ದಿನವಾಯಿತು, ಅಂಗನವಾಡಿಗೂ ಹೋಗಿಲ್ಲ. ಟೀಚರ್ ಕೆಲಸವನ್ನೇ ಬಿಡುತ್ತಾಳಂತೆ. "ಮಕ್ಳ ಕರ್ಕೊಂಡ್ ಬರೋ ತಾಯಂದ್ರೆಲ್ಲ ಕೇಳ್ತಾರೆ ಅತ್ತೆ, ಎಷ್ಟ್ ಜನಕ್ಕೆ ಏಳ್ಲಿ?" ಎನ್ನುತ್ತಾಳೆ.

ಗೌರಿ ಹಬ್ಬದಲ್ಲಿ ತೆಗೆದ ಅವಳ ಫೋಟೋ ಆರ್ಕುಟ್‌ನಲ್ಲಿ ಹಾಕಿ, 'ನಾನು ಅತ್ತೆ ಆಗ್ತಿದ್ದೀನಿ' ಎಂದು ನೀನು ಬರೆದದ್ದು ಸಂತೋಷಕ್ಕೇ. ಆದರೆ ಮೂರು ತಿಂಗಳು ತುಂಬುವವರೆಗೆ ನಮ್ಮಲ್ಲಿ ತವರಿಗೂ ಬಾಯಿಬಿಟ್ಟು ಹೇಳುವುದಿಲ್ಲ. ದೃಷ್ಟಿಯ ಭಯವೆಂದು ನೀನು ನಗುತ್ತೀಯ. ದೃಷ್ಟಿ ಇರಲಿ ಬಿಡು. ಕೂಸು ನಿಲ್ಲದೇ ಹೋದರೆ ಆ ಹೆಣ್ಣು ಊರಿಗೆಲ್ಲ ಉತ್ತರ ಹೇಳುತ್ತ ತಿರುಗಬಾರದು, ಅದಕ್ಕೇ ಹಿರಿಯರು ಹಾಗೆ ಮಾಡಿದ್ದು. ನಿನ್ನ ಸುದ್ದಿ ಎಷ್ಟಾದರೂ ಹಾಕಿಕೋ. ಅವಳ ಹೊಟ್ಟೆಯ ಸುದ್ದಿ ಅವಳದು.

ನಾನು ಡೇರಿಗೆ, ರೇಷನ್ ಅಂಗಡಿಗೆ, ಅಂಗನವಾಡಿ ಬೀದಿಗೆಲ್ಲ ಹೋಗಿ, "ಕೇಳಾದಿದ್ರೆ ನನ್ನ ಕೇಳಿ, ಆ ಹೆಣ್ಮಗೀನ ಕೇಳ್ಬ್ಯಾಡಿ" ಎಂದು ಹೇಳಿ ಬಂದಿದ್ದೇನೆ. ನಾಳೆ ನಾನೇ ಅವಳನ್ನು ಕರೆದುಕೊಂಡು ಹೋಗಿ ಅಂಗನವಾಡಿ ಬಾಗಿಲಲ್ಲಿ ಕೂರುತ್ತೇನೆ. ಯಾರು ಏನು ಕೇಳುತ್ತಾರೋ ನೋಡುತ್ತೇನೆ. ಈ ಕಾಗದ ಕೈಸೇರಿದ ದಿನವೇ ನೀನು ಆ ಫೋಟೋ ಆರ್ಕುಟ್‌ನಿಂದ ತೆಗೆದುಹಾಕು. ಭಾನುವಾರ ಬಸ್ಸು ಹತ್ತಿ ಬಾ. ತಪ್ಪಾಯಿತೆಂದು ಕಂಪ್ಯೂಟರ್‌ನಲ್ಲಿ ಬರೆಯಬೇಡ, ಅವಳ ಎದುರಿಗೆ ಕೂತು ಹೇಳು.

ನಂಜುಂಡಪ್ಪ ನಿನ್ನನ್ನು ಚೆನ್ನಾಗಿಟ್ಟಿರಲಿ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅವ್ವ,
ಮಂಗಳಮ್ಮ

ಸಹಿ ಹಾಕಿದ ಮೇಲೆ ಇನ್ನೊಂದು ಮಾತು. ಸರ್ವಮಂಗಳಾ ಹೆತ್ತ ತಾಯಿಗೂ ಹೇಳದೆ, ಗಂಡನನ್ನು ಬಿಟ್ಟರೆ ನನಗೊಬ್ಬಳಿಗೇ ಹೇಳಿದ್ದಳು. "ಯಾರ್ಗೂ ಏಳ್ಬ್ಯಾಡಿ ಅತ್ತೆ" ಎಂದು ಕೈ ಹಿಡಿದುಕೊಂಡಿದ್ದಳು. ಹೂಂ ಅಂದಿದ್ದೆ. ಅಂದೇ ಸಂಜೆ ನಿನಗೆ ಫೋನ್ ಮಾಡಿದೆ. ನಿನಗೆ ಹೇಗೆ ತಿಳಿಯಿತೆಂದು ಅವಳು ಇದುವರೆಗೂ ನನ್ನನ್ನು ಕೇಳಿಲ್ಲ. ಈ ಕಾಗದ ಡಬ್ಬಿಗೆ ಹಾಕುವ ಮೊದಲು ನಾನೇ ಹೇಳುತ್ತೇನೆ.